ಬಲಕ್ಕೆ ಎಳೆಯುವ ಗಾಡಿ

ಇರಕಲ್ಲಗಡದ ಉಮಾಪತಿಗೆ ಐವತ್ತು ದಾಟುವ ತನಕ ಗಾಡಿಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಪೆಟ್ರೋಲ್ ಹಾಕಿದರೆ ಹೋಗುತ್ತದೆ, ಹಾಕದಿದ್ದರೆ ನಿಲ್ಲುತ್ತದೆ. ಪೆಟ್ರೋಲ್ ಇದ್ದೂ ನಿಂತರೆ ಏನು ಮಾಡಬೇಕು ಅಂತ ಕೇಳಿದರೆ, ತಳ್ಳಬೇಕು ಅನ್ನುತ್ತಿದ್ದ. ಇಂಥ ಮನುಷ್ಯ ಒಂದು ಹಳೇ ಬೈಕಿನ ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಂತಾದ ಅಂದರೆ ಊರಿನಲ್ಲಿ ಈಗಲೂ ಕೆಲವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವರೇನು ಅವನ ಜೊತೆ ಆ ಬಿಸಿಲಲ್ಲಿ ನಿಂತಿದ್ದರೇ?

ಅವನದು ಕೊಪ್ಪಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ತೂಕದ ಕೆಲಸ. ಮೆಕ್ಕೆಜೋಳ, ಸಜ್ಜೆ, ಕಡಲೆ, ಹಂಗಾಮಿಗೆ ಯಾವುದು ಬಂದರೆ ಅದು. ಚೀಲಕ್ಕೆ ಕೈ ಹಚ್ಚಿ ಒಮ್ಮೆ ಅಲುಗಿಸಿದರೆ ಸಾಕು, ಇಷ್ಟೇ ತೂಕ ಅಂತ ಹೇಳಿಬಿಡುತ್ತಿದ್ದ. ಆಮೇಲೆ ಕಾಟಾ ಮೇಲೆ ಇಟ್ಟು ನೋಡುವುದು ಬರೀ ಶಾಸ್ತ್ರಕ್ಕೆ. ಮೈ ಗಟ್ಟಿ, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಹೆಂಡತಿ ವಿರೂಪಾಕ್ಷಮ್ಮ ಮಾತ್ರ ಅವನ ಸಿಟ್ಟಿಗೆ ಕವಡೆ ಕಿಮ್ಮತ್ತು ಕೊಟ್ಟವಳಲ್ಲ. ಅವನು ಒಂದು ಮಾತಾಡುವಷ್ಟರಲ್ಲಿ ಅವಳು ಹತ್ತು ಆಡಿ, ಅವನನ್ನು ನಗಿಸಿ, ಚಹಾ ಕೈಗಿಟ್ಟು ಒಳಗೆ ಹೋಗಿರುತ್ತಿದ್ದಳು. ಒಬ್ಬಳೇ ಮಗಳು ಲಲಿತಾಳನ್ನು ಕುಷ್ಟಗಿಗೆ ಕೊಟ್ಟಿದ್ದರು.

ಗಾಡಿ ಕೆಂಪು ಬಣ್ಣದ್ದು, ಕಿಕ್ ಹೊಡೆದು ಚಾಲೂ ಮಾಡುವಂಥ ಹಳೆಯ ಕಾಲದ್ದು. ಅಂಗಡಿಯ ಸಾಹುಕಾರರು ಹೊಸ ಗಾಡಿ ತಂದಾಗ ಇದು ಉಮಾಪತಿಯ ಪಾಲಿಗೆ ಬಂದಿತ್ತು. ವಿರೂಪಾಕ್ಷಮ್ಮ ಅದಕ್ಕೆ ಕೆಂಪಿ ಅಂತ ಆಕಳಿನ ಹೆಸರಿಟ್ಟಳು. ಸಂತೆಗೆ, ತವರಿಗೆ, ಮಗಳ ಮನೆಗೆ, ಎಲ್ಲಿಗೆ ಹೋಗಲಿ ಕೆಂಪಿಯ ಮೇಲೆಯೇ. ಉಮಾಪತಿ ಒಬ್ಬನೇ ಕೆಲಸಕ್ಕೆ ಹೋಗುವಾಗ ಬಸ್ಸು, ಇಬ್ಬರೂ ಕೂಡಿ ಹೊರಟರೆ ಕೆಂಪಿ. ಸೀರೆಯುಟ್ಟ ನಮ್ಮ ಹೆಣ್ಣುಮಕ್ಕಳೆಲ್ಲ ಕೂರುವ ಹಾಗೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಬಲಗೈ ಗಂಡನ ಹೆಗಲ ಮೇಲಿಟ್ಟು ಕೂರುತ್ತಿದ್ದಳು. ದಾರಿಯುದ್ದಕ್ಕೂ ಎಡಗಡೆಯ ಹೊಲಗಳ ಸಮಾಚಾರವೆಲ್ಲ ಉಮಾಪತಿಯ ಕಿವಿಗೆ ಬೀಳುತ್ತಿತ್ತು. ಬಲಗಡೆ ಏನು ಬಿತ್ತಿದ್ದಾರೆ ಅಂತ ಅವಳಿಗೆ ಎಂದೂ ಗೊತ್ತಾಗಲಿಲ್ಲ.

ಹಾಗಿದ್ದವಳಿಗೆ ಎರಡೂ ಕಿಡ್ನಿ ಕೈಕೊಟ್ಟವು. ಮುಖ ಬಾತಿತು, ಕಾಲು ಬಾತವು, ನಾಟಿ ಔಷಧ ಆಯಿತು, ಕೊನೆಗೆ ಕೊಪ್ಪಳದ ದೊಡ್ಡಾಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಲೇಬೇಕು ಅಂದರು. ಬಸ್ಸಿಗೆ ಹೋಗೋಣ ಅಂದರೆ, ಹೆಣ್ಣುಮಕ್ಕಳಿಗೆ ಟಿಕೀಟು ಮಾಫಿಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಎಲ್ಲಿದೆ? ರಕ್ತ ಸೋಸಿಕೊಂಡು ಬಂದ ಜೀವ ಕಂಬಿ ಹಿಡಿದು ನಿಂತು ಬರಲಾದೀತೇ? ಅದಕ್ಕೂ ಕೆಂಪಿಯೇ ಆಯಿತು.

ಒಂದು ಬೇಸಿಗೆಯ ಮಧ್ಯಾಹ್ನ ಆಸ್ಪತ್ರೆ ಮುಗಿಸಿ ಬರುವಾಗ, ಸುತ್ತ ಒಂದು ಮನೆಯೂ ಕಾಣದ ಕಡೆ ಕೆಂಪಿ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತೇಬಿಟ್ಟಿತು. ಹೆಂಡತಿಯನ್ನು ಜಾಲಿಗಿಡದ ನೆರಳಿಗೆ ಕೂರಿಸಿ ಉಮಾಪತಿ ಕಿಕ್ ಹೊಡೆದ. ಹೊಡೆದೇ ಹೊಡೆದ. ಅಂಗಿ ಹಿಂಡುವಷ್ಟು ಬೆವರಿದ. ಗಾಡಿಯ ವಂಶವನ್ನೆಲ್ಲ ಎತ್ತಿ ಆಡಿದ.

"ಗಾಡಿ ಚಾಲೂ ಆಗಲಿ ಬಿಡಲಿ, ನಿಮ್ಮ ಕಾಲಂತೂ ಗಟ್ಟಿ ಆಗ್ತಾವ ನೋಡ್ರಿ," ಅಂದಳು ವಿರೂಪಾಕ್ಷಮ್ಮ ನೆರಳಿನಿಂದ.

ಉಮಾಪತಿ ನಗುತ್ತ ತಿರುಗಿ ನೋಡಿದ. ಅವಳು ನಗುತ್ತಿರಲಿಲ್ಲ. ತುಟಿ ಬೆಳ್ಳಗಾಗಿತ್ತು, ತಲೆ ಬೊಡ್ಡೆಗೆ ಒರಗಿತ್ತು. ನೀರು ಕೇಳಿದಳು. ಆ ಬೇನೆಯವರಿಗೆ ಬಾಯಾರಿದಷ್ಟು ನೀರು ಕೊಡುವಂತಿಲ್ಲ. ಒಂದು ಗುಟುಕು ಕೊಟ್ಟು ಬಾಟಲಿ ಕಸಿದುಕೊಳ್ಳಬೇಕಾಯಿತು. ಹೆಂಡತಿಯ ಬಾಯಿಂದ ನೀರು ಕಿತ್ತುಕೊಂಡ ಆ ಕೈಯನ್ನು ಅವನು ಆಮೇಲೆ ಎಷ್ಟೋ ಸಲ ನೋಡಿಕೊಂಡಿದ್ದಾನೆ. ಕೊನೆಗೆ ಮೇವಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಅವಳನ್ನು ಮೇವಿನ ಮೇಲೆ ಮಲಗಿಸಿಕೊಂಡು, ಗಾಡಿಯನ್ನೂ ಹೇರಿಕೊಂಡು ಊರಿಗೆ ತಂದುಬಿಟ್ಟ. ಪುಣ್ಯಾತ್ಮ, ಹೆಸರೂ ಹೇಳದೆ ಹೋದ.

ಮುಂದಿನ ಸಲ ಬಾಡಿಗೆ ಟೆಂಪೊದಲ್ಲಿ ಕೆಂಪಿಯನ್ನೂ ಹೇರಿಕೊಂಡು ಬಂದು, ಅವಳನ್ನು ಆಸ್ಪತ್ರೆಯ ಹಾಸಿಗೆಗೆ ಬಿಟ್ಟವನೇ ಉಮಾಪತಿ ನೆಟ್ಟಗೆ ದಾದೇಸಾಬನ ಗ್ಯಾರೇಜಿಗೆ ಹೋದ. ಎಪಿಎಂಸಿಯ ಗೋಡೆಗೆ ಹತ್ತಿಕೊಂಡ ತಗಡಿನ ಶೆಡ್ಡು ಅದು. ದಾದೇಸಾಬ ಇವನಿಗಿಂತ ತುಸು ಚಿಕ್ಕವನು, ಹಳೇ ಗಾಡಿಗಳ ನಾಡಿ ಹಿಡಿಯುವುದರಲ್ಲಿ ಹೆಸರಾದವನು.

"ಬಿಟ್ಟು ಹೋಗ್ರಿ ಅಣ್ಣಾರ, ಸಂಜೀಕ ರೆಡಿ ಮಾಡಿ ಇಟ್ಟಿರ್ತೀನಿ."

"ರೆಡಿ ಮಾಡಬ್ಯಾಡ. ನನಗ ಕಲಸು."

ದಾದೇಸಾಬ ನಕ್ಕ. "ಕಲಿಯೋ ವಯಸ್ಸೇನ್ರಿ ಇದು? ಗಾಡಿ ಕೆಟ್ರ ನಾ ಇಲ್ಲೇನು?"

"ನೀ ಇಲ್ಲಿರ್ತಿ. ಗಾಡಿ ಅಲ್ಲಿ ಕೆಡತೈತಿ," ಅಂದ ಉಮಾಪತಿ.

ದಾದೇಸಾಬ ನಟ್ಟು ಬಿಚ್ಚುವ ಒಂದು ಪಾನಾ ತೆಗೆದು ಅವನ ಕೈಗಿಟ್ಟ.

ಹೀಗೆ ಶುರುವಾಯಿತು. ಅತ್ತ ಅವಳ ರಕ್ತ ಮಷೀನಿನಲ್ಲಿ ತಿರುಗುವಷ್ಟು ಹೊತ್ತು ಇತ್ತ ಇವನು ಗ್ರೀಸಿನಲ್ಲಿ ಮೊಣಕೈ ತನಕ ಮುಳುಗಿರುತ್ತಿದ್ದ. ಪ್ಲಗ್ ಬಿಚ್ಚಿ ಕಪ್ಪು ಕೆರೆಯುವುದು ಕಲಿತ. ಕಾರ್ಬುರೇಟರಿನ ಸೂಜಿತೂತಿಗೆ ತಂತಿ ಹಾಕಬಾರದು, ಬಾಯಿಂದ ಊದಬೇಕು ಅನ್ನುವುದನ್ನು ತಂತಿ ಹಾಕಿ ಕೆಡಿಸಿದ ಮೇಲೆ ಕಲಿತ. ಎಂಜಿನ್ ಆಯಿಲಿನ ಬೋಲ್ಟನ್ನು ತನ್ನ ಶಕ್ತಿಯೆಲ್ಲ ಹಾಕಿ ಬಿಗಿದು ಥ್ರೆಡ್ಡು ಹರಿದಾಗ ದಾದೇಸಾಬ ಹಣೆ ಹಣೆ ಬಡಿದುಕೊಂಡ. "ಯಾ ಅಲ್ಲಾ! ಇದು ಜ್ವಾಳದ ಚೀಲಲ್ರಿ ಅಣ್ಣಾರ, ಬಾಯಿ ಬಿಗಿದು ಒಗಿಯಾಕ! ಬೆರಳಿಗೆ ಸಾಕು ಅನಸ್ತಿದ್ದಂಗ ಬಿಟ್ಟುಬಿಡಬೇಕು." ಚೀಲ ಹೊತ್ತ ಕೈಗೆ ಆ ಸಾಕು ಅನ್ನುವುದು ಗೊತ್ತಾಗಲು ಬೇಸಿಗೆ ಹೋಗಿ ಮಳೆಗಾಲ ಬಂತು.

ಮನೆಯಲ್ಲಿ ಅಂಗಳವೇ ಗ್ಯಾರೇಜಾಯಿತು. ಬಿಚ್ಚಿದ ನಟ್ಟುಗಳು ಉರುಳಿ ಕಳೆದುಹೋಗುತ್ತವೆ ಅಂತ ವಿರೂಪಾಕ್ಷಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತು ಸೆರಗಿನ ಉಡಿಯೊಡ್ಡುತ್ತಿದ್ದಳು. ಅವನು ಬಿಚ್ಚಿದ್ದನ್ನು ಉಡಿಗೆ ಹಾಕುವನು, ಅವಳು ಒಂದೊಂದಾಗಿ ತಿರುಗಿ ಕೊಡುವಳು.

"ಹೇಮಗುಡ್ಡದ ದುರ್ಗಮ್ಮಗ ಉಡಿ ತುಂಬ್ತೀನಂತ ಬೇಡ್ಕೊಂಡೀನಿ ನಾನು," ಅಂದಳು ಒಂದು ದಿನ. "ನೀವು ನೋಡಿದ್ರ ನನ್ನ ಉಡಿಯಾಗ ನಟ್ಟು ಬೋಲ್ಟು ತುಂಬಾಕ ಹತ್ತೀರಿ."

"ಯಾವಾಗ ಬೇಡ್ಕೊಂಡಿ?"

"ಆವತ್ತ, ಟ್ರ್ಯಾಕ್ಟರಿನ್ಯಾಗ. ಜೀವ ಮನಿ ಮುಟ್ಟಿದ್ರ ಕೆಂಪಿ ಮ್ಯಾಲ ಬಂದು ಹಸರು ಸೀರಿ ಏರಸ್ತೀನಿ ತಾಯಿ ಅಂದೆ. ಸೀರಿನೂ ತಂದಿಟ್ಟೀನಿ ಟ್ರಂಕಿನ್ಯಾಗ."

"ಅಲ್ಲಲೇ, ನಡುದಾರಿಯಾಗ ಕೈಕೊಟ್ಟ ಗಾಡಿ ಮ್ಯಾಲ ಹರಕಿ ಹೊತ್ತೇನು?"

"ಗಾಡಿ ಮ್ಯಾಲಲ್ರಿ, ನಿಮ್ಮ ಮ್ಯಾಲ," ಅಂದಳು. ಉಮಾಪತಿ ಒರೆಸಿಟ್ಟಿದ್ದ ಪ್ಲಗ್ಗನ್ನೇ ಎತ್ತಿಕೊಂಡು ಮತ್ತೆ ಒರೆಸಿದ.

ಅಂದಿನಿಂದ ಕೆಂಪಿ ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು, ಮನೆಯ ಬಾಗಿಲಿಗೆ ಬಂದು ನಿಂತಿತು, ಅಷ್ಟೇ. ಉಮಾಪತಿಗೆ ಹೆಮ್ಮೆ ಬಂತು. ಬಂದರೆ ತಪ್ಪೇನು? ಈ ಬೇನೆಯ ಮುಂದೆ ಅವನ ಕೈಯಲ್ಲಿ ಆಗುತ್ತಿದ್ದದ್ದು ಅದೊಂದೇ.

ಆದರೆ ಗಾಡಿ ಕಲಿತದ್ದು ಅವನಿಗೆ ಬೇಡವಾದ ಇನ್ನೊಂದನ್ನೂ ಕಲಿಸಿತು. ಹಿಂದಿನ ಚಕ್ರದ ಎರಡೂ ಬದಿ ಸ್ಪ್ರಿಂಗುಗಳಿರುತ್ತವಲ್ಲ, ಶಾಕಪ್ಸರ್ ಅನ್ನುತ್ತಾರೆ, ಅವುಗಳ ಬುಡದಲ್ಲಿ ಭಾರಕ್ಕೆ ತಕ್ಕಂತೆ ಏರಿಸಿ ಇಳಿಸಲು ಮೆಟ್ಟಿಲುಗಳಿವೆ. ಭಾರ ಹೆಚ್ಚಿದ್ದರೆ ಮೇಲಿನ ಮೆಟ್ಟಿಲು, ಕಡಿಮೆಯಿದ್ದರೆ ಕೆಳಗಿನದು. ಆಸ್ಪತ್ರೆಗೆ ಹೋಗುವಾಗ ಮೈಯಲ್ಲಿ ನೀರು ತುಂಬಿದ ವಿರೂಪಾಕ್ಷಮ್ಮನ ಭಾರಕ್ಕೆ ಗಾಡಿ ಕೂರುತ್ತಿತ್ತು. ಬರುವಾಗ ನೀರು ತೆಗೆದ ಮೇಲೆ ಎದ್ದುಕೊಳ್ಳುತ್ತಿತ್ತು. ಜೀವಮಾನವಿಡೀ ತೂಕ ಮಾಡಿದವನಿಗೆ ಹೇಳಿಕೊಡಬೇಕೇ? ಬರುವಾಗಿನ ಅವಳ ತೂಕ ಪ್ರತಿ ತಿಂಗಳೂ ಇಳಿಯುತ್ತಿದೆ ಅಂತ ಅವನ ಬೆನ್ನಿಗೇ ತಿಳಿಯುತ್ತಿತ್ತು. ತಗ್ಗಿಗೆ ಬಿದ್ದರೆ ಗಾಡಿ ಅವಳನ್ನು ಎತ್ತಿ ಒಗೆಯುವಂತಾಯಿತು. ಅವನು ಒಂದು ಮೆಟ್ಟಿಲು ಇಳಿಸಿದ. ಸ್ವಲ್ಪ ದಿನಕ್ಕೆ ಇನ್ನೊಂದು.

"ಈಗೀಗ ಕೆಂಪಿ ಭಾಳ ಮೆತ್ತಗ ಹೊಂಟಾಳಲ್ರಿ. ಏನ ಮಾಡೀರಿ?" ಅಂತ ಅವಳು ಹೆಗಲ ಹಿಂದಿನಿಂದ ಕೇಳಿದಳು.

"ಗ್ರೀಸ್ ಹಚ್ಚೀನಿ," ಅಂದ ಉಮಾಪತಿ.

ದೀಪಾವಳಿ ಕಳೆಯುವಷ್ಟರಲ್ಲಿ ಕೊನೆಯ ಮೆಟ್ಟಿಲಿಗೆ ಬಂದಿತ್ತು. ಅದರ ಕೆಳಗೆ ಇಳಿಸಲು ಏನೂ ಇರಲಿಲ್ಲ. ಅಂಗಳದಲ್ಲಿ ಪಾನಾ ಹಿಡಿದು ಕೂತಿದ್ದ ಅವನನ್ನು ಅವಳು ಊಟಕ್ಕೆ ಕರೆದಳು. ಕಣ್ಣಿಗೆ ಪೆಟ್ರೋಲ್ ಸಿಡಿದಿದೆ ಅಂತ ಸುಳ್ಳು ಹೇಳಿ ಮುಖ ತೊಳೆಯಲು ಹೋದ.

ಇನ್ನು ಅವನು ಮಾಡಿದ ತಪ್ಪಿನ ಮಾತು. ಹರಕೆ ಬಾಕಿಯಿತ್ತು. ಹೇಮಗುಡ್ಡ ಗಂಗಾವತಿಯ ಕಡೆ, ದೂರದ ದಾರಿ, ಮೇಲೆ ಏರು ಬೇರೆ. ಹೋಗುವ ಮೊದಲು ಕ್ಲಚ್ ಪ್ಲೇಟು ಒಮ್ಮೆ ನೋಡಿಬಿಡೋಣ ಅಂತ ಅವನ ತಲೆಗೆ ಹೊಕ್ಕಿತು. ಗಾಡಿಗೆ ಏನೂ ಆಗಿರಲಿಲ್ಲ. ಚಿನ್ನದಂತೆ ಓಡುತ್ತಿತ್ತು. ಆದರೂ, ಕೈಗೆ ವಿದ್ಯೆ ಹತ್ತಿದವನು ಸುಮ್ಮನೆ ಕೂರುವನೇ? ಒಂದು ಗುರುವಾರ ಬಿಚ್ಚಿದ. ಬಿಚ್ಚುವಾಗ ಎಂಜಿನ್ನಿನ ಬದಿಯ ಗ್ಯಾಸ್ಕೆಟ್ ಹರಿಯಿತು. ಹೊಸದನ್ನು ದಾದೇಸಾಬನೇ ಎಲ್ಲಿಂದಲೋ ತರಿಸಿಕೊಡಬೇಕು. ಎಂಜಿನ್ ಬಾಯಿ ತೆರೆದುಕೊಂಡು ಅಂಗಳದಲ್ಲಿ ಉಳಿಯಿತು.

ಮರುದಿನ ಬೆಳಿಗ್ಗೆ ವಿರೂಪಾಕ್ಷಮ್ಮ ತಲೆಗೆ ನೀರು ಹಾಕಿಕೊಂಡು, ಬಾಗಿಲಿಗೆ ರಂಗೋಲಿ ಬಿಟ್ಟು, ಟ್ರಂಕಿನಿಂದ ಹಸಿರು ಸೀರೆ ತೆಗೆದು ಹಿಡಿದು ಹೊರಗೆ ಬಂದಳು. ಅವಳ ಮುಖದಲ್ಲಿ ಅಷ್ಟು ಗೆಲುವನ್ನು ಅವನು ವರ್ಷದಿಂದ ನೋಡಿರಲಿಲ್ಲ.

"ಇವತ್ತ ಭಾಳ ಛಲೋ ಅನಸ್ತೈತ್ರಿ ಜೀವಕ್ಕ. ಶುಕ್ರವಾರನೂ ಐತಿ. ಹೇಮಗುಡ್ಡಕ್ಕ ಹೋಗಿ ಬರೂಣು ನಡೀರಿ," ಅಂದವಳು ಗೋಣಿತಟ್ಟಿನ ಮೇಲೆ ಹರಡಿದ್ದ ಗಾಡಿಯ ಕರುಳನ್ನು ನೋಡಿದಳು.

ಉಮಾಪತಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನೆಟ್ಟಗ ಓಡತಿತ್ತಲ್ರಿ," ಅಂದಳು ಮೆಲ್ಲಗೆ. "ಯಾಕ ಬಿಚ್ಚಿದ್ರಿ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬಯ್ಯಲಿಲ್ಲ.

"ಕಾರ್ ಮಾಡ್ಕೊಂಡು ಹೋಗೂಣು ತಡಿ, ಈಗ ಯಾರಿಗರ ಫೋನ್ ಹಚ್ಚತೀನಿ."

"ಬ್ಯಾಡ್ರಿ. ಕೆಂಪಿ ಮ್ಯಾಲ ಅಂತ ಬೇಡ್ಕೊಂಡೀನಿ. ಮುಂದಿನ ಶುಕ್ರವಾರ ಹೋದ್ರಾತು. ನಾ ಎಲ್ಲಿ ಹೊಂಟೀನಿ?" ಅಂದು ಸೀರೆ ಮಡಿಚಿ ಒಳಗೆ ಹೋದಳು.

ಮುಂದಿನ ಶುಕ್ರವಾರ ಗಾಡಿ ತಯಾರಿತ್ತು, ಅವಳು ಆಸ್ಪತ್ರೆಯ ಹಾಸಿಗೆಯ ಮೇಲಿದ್ದಳು. ಅದರ ಮುಂದಿನದಕ್ಕೂ ಅಲ್ಲೇ. ಆಮೇಲೆ ಅವಳಿಗೆ ಒಳ್ಳೆಯ ದಿನ ಅನ್ನುವುದು ಬರಲೇ ಇಲ್ಲ. ಎಳ್ಳಮವಾಸೆಯ ಹೊತ್ತಿಗೆ ಹೋಗಿಬಿಟ್ಟಳು. ಅವರ ಜನರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಎತ್ತಿ ಇಳಿಸುವಾಗ ಉಮಾಪತಿಯೂ ಕೈ ಹಚ್ಚಿದ. ಅಷ್ಟು ಹಗುರ ಇದ್ದಳು ಅಂತ ಗೊತ್ತಿದ್ದೂ ಗೊತ್ತಿರಲಿಲ್ಲ ಅವನಿಗೆ. ಜೀವನಪೂರ್ತಿ ಅವನ ಹಿಂದೆ ಒಂದು ಪಕ್ಕಕ್ಕೆ ತಿರುಗಿ ಕೂತವಳನ್ನು ಅಲ್ಲಿ ನೆಟ್ಟಗೆ ಕೂರಿಸಿದರು.

ಒಂದು ತಿಂಗಳು ಕಳೆದ ಮೇಲೆ ಮಗಳು ಲಲಿತಾ ಬಂದು ಟ್ರಂಕು ತೆಗೆದಾಗ ಹಸಿರು ಸೀರೆ ಸಿಕ್ಕಿತು. ಮಡಿಕೆ ಬಿಚ್ಚಿರಲಿಲ್ಲ.

"ಅಪ್ಪಾ, ಅವ್ವನ ಹರಕಿ ಉಳಸಬಾರದು. ನಮ್ಮನಿಯವರ ಕಾರಿನ್ಯಾಗ ಹೋಗಿ ಮುಟ್ಟಿಸಿ ಬರೂಣು."

"ಗಾಡಿ ಮ್ಯಾಲ ಒಯ್ತೀನಿ ನಾ," ಅಂದ. ಬೇರೆ ಮಾತೇ ಇಲ್ಲ. ಅವಳ ಪಾಲಿಗೆ ಮಾಡಲು ಉಳಿದದ್ದು ಅದೊಂದೇ ಕೆಲಸ, ಅದನ್ನಾದರೂ ಅವಳು ಹೇಳಿದಂತೆ ಮಾಡಬೇಕಿತ್ತು.

ಅಲ್ಲಿ ಕೆಂಪಿ ತಕರಾರು ತೆಗೆಯಿತು. ಗೋಡೆಗೆ ನಿಲ್ಲಿಸಿದ್ದ ಗಾಡಿಯನ್ನು ಹೊರಗೆ ತೆಗೆದು ಊರ ಹೊರಗಿನ ತನಕ ಹೊಡೆದು ನೋಡಿದರೆ, ಬಲಕ್ಕೆ ಎಳೆಯುತ್ತಿತ್ತು. ಹ್ಯಾಂಡಲ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ನಡುರಸ್ತೆಯ ಕಡೆ, ಎದುರು ಬರುವ ಲಾರಿಯ ಕಡೆ ಹೊರಡುತ್ತಿತ್ತು. ಇಂಥ ಗಾಡಿಯಲ್ಲಿ ಗಂಗಾವತಿ ರಸ್ತೆ ಹಿಡಿಯುವುದೆಂದರೆ ಹೇಮಗುಡ್ಡದ ಬದಲು ನೆಟ್ಟಗೆ ಹೆಂಡತಿಯ ಹತ್ತಿರವೇ ಹೋದಂತೆ. ಹೋದರೆ ಹೋಗಲಿ ಅಂತಲೂ ಒಮ್ಮೊಮ್ಮೆ ಅನ್ನಿಸಿತು. ಆದರೆ ಸೀರೆ ಮುಟ್ಟಬೇಕಲ್ಲ.

ಬಿಚ್ಚಿದ. ಚೈನು ಎರಡೂ ಕಡೆ ಸಮ ಮಾಡಿದ. ಚಕ್ರ ತೆಗೆದು ದಾರ ಹಿಡಿದು ನೋಡಿದ. ಹ್ಯಾಂಡಲಿನ ಕೆಳಗಿನ ಗುಂಡುಗಳನ್ನು ಬದಲಿಸಿದ. ಮುಂದಿನ ಫೋರ್ಕ್ ಬಾಗಿದೆಯೋ ಅಂತ ಗಾಜಿನ ಮೇಲೆ ಉರುಳಿಸಿದ. ಎಲ್ಲ ಸರಿಯಿತ್ತು, ಗಾಡಿ ಮಾತ್ರ ಬಲಕ್ಕೇ ಎಳೆಯುತ್ತಿತ್ತು. ಶುಕ್ರವಾರ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ನಟ್ಟುಗಳು ಅಂಗಳದಲ್ಲಿ ಉರುಳಿ ಹೋಗುತ್ತಿದ್ದವು. ಉಡಿಯೊಡ್ಡುವವರು ಯಾರೂ ಇರಲಿಲ್ಲ. ಒಂದು ವಾಷರಿಗಾಗಿ ಮಣ್ಣು ಕೆದರುತ್ತ ಕೂತು ಅವನು ಪಾನಾವನ್ನು ಗೋಡೆಗೆ ಬೀಸಿ ಒಗೆದ.

ದಾದೇಸಾಬನ ಹತ್ತಿರ ಒಯ್ದರೆ ಅವನು ಒಂದು ಸುತ್ತು ಹೊಡೆದು ಬಂದು, "ಅಣ್ಣಾರ, ನಾ ಹೊಡದ್ರ ನೆಟ್ಟಗ ಹೊಂಟೈತಲ್ರಿ," ಅಂದ.

"ಸುಳ್ಳ ಹೇಳಬ್ಯಾಡ! ಹೆಂಡತಿ ಸತ್ತಾಳ, ಪಾಪ ಅಂತ ಸಮಾಧಾನ ಮಾಡಾಕ ಹತ್ತೀಯೇನು? ನಾ ಕುಂತ್ರ ಎಳೀತೈತಿ!"

ದಾದೇಸಾಬ ಬೇಸರ ಮಾಡಿಕೊಳ್ಳಲಿಲ್ಲ. "ನೀವು ಮುಂದ ಹೊಡೀರಿ. ನಾ ಹಿಂದ ಬರ್ತೀನಿ," ಅಂದು ಇನ್ನೊಂದು ಗಾಡಿ ಹತ್ತಿದ. ಊರು ದಾಟಿ ಒಂದಿಷ್ಟು ದೂರ ಹೋದ ಮೇಲೆ ಹಾರ್ನ್ ಹೊಡೆದು ನಿಲ್ಲಿಸಿದ. ಗಾಡಿ ಇಳಿದು ಬಂದವನು ಕೆಂಪಿಯ ಸುತ್ತ ಒಮ್ಮೆ ನಡೆದ. ಟವೆಲ್ಲಿನಿಂದ ಕೈ ಒರೆಸಿಕೊಂಡ. ಆಮೇಲೆ ಸೀಟಿನ ಮೇಲೆ ಅಂಗೈ ಇಟ್ಟ.

"ಇಲ್ನೋಡ್ರಿ. ನೀವು ಕುಂದರೂ ಜಾಗ ಬಲಗಡೀಗೆ ತಗ್ಗ ಬಿದ್ದೈತಿ."

"ಅದಕ್ಕೇನೀಗ?"

"ಅಕ್ಕಾರು ಕಾಲು ಎಡಕ್ಕ ಬಿಟ್ಟು ಕುಂದರ್ತಿದ್ರಲ್ರಿ. ಭಾರ ಆಕಡಿ ಜಗ್ಗತಿತ್ತು. ಅದನ್ನ ತೂಗಿಸಾಕ ನೀವು ಬಲಕ್ಕ ಸರದು ಕುಂತು ಕುಂತು ಮೈಗೆ ರೂಢಿ ಆಗೈತಿ." ದಾದೇಸಾಬನ ದನಿ ಇಳಿಯಿತು. "ಈಗೂ ಹಂಗ ಕುಂದರ್ತೀರಿ ಅಣ್ಣಾರ. ಗಾಡಿಗೆ ಏನೂ ಆಗಿಲ್ಲ. ಹಿಂದ ಅಕ್ಕಾರು ಅದಾರ ಅಂತ ಹೊಡ್ಯಾಕ ಹತ್ತೀರಿ."

ಉಮಾಪತಿ ಆ ತಗ್ಗನ್ನು ನೋಡುತ್ತ ನಿಂತ. ಎಷ್ಟು ತಕ್ಕಡಿ ಹಿಡಿದ ಕೈ ಅದು! ಒಂದು ತಟ್ಟೆ ಬರಿದಾದರೆ ಇನ್ನೊಂದು ಕೆಳಗೆ ಹೋಗುತ್ತದೆ ಅನ್ನುವುದು ಸಣ್ಣ ಕೂಸಿಗೂ ಗೊತ್ತು. ಅವನಿಗೇ ಹೊಳೆದಿರಲಿಲ್ಲ.

"ನಡುವಿಗೆ ಕುಂದರ್ರಿ," ಅಂದ ದಾದೇಸಾಬ. "ನೆಟ್ಟಗ ಹೋಗ್ತೈತಿ."

ಆ ಶುಕ್ರವಾರ ಬೆಳಿಗ್ಗೆ ಉಮಾಪತಿ ಹಸಿರು ಸೀರೆ, ಕುಪ್ಪಸದ ಕಣ, ಕಾಯಿ, ಅಕ್ಕಿ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ಸೀಟಿಗೆ ಬಿಗಿದ. ದಾದೇಸಾಬ ಹೇಳಿದಂತೆ ಬೆನ್ನು ನೆಟ್ಟಗೆ ಮಾಡಿ ಸೀಟಿನ ನಡುವಿಗೆ ಕೂತ. ಗಾಡಿ ನೂಲು ಹಿಡಿದಂತೆ ಓಡಿತು. ಎಳೆತವಿಲ್ಲ, ಸದ್ದಿಲ್ಲ, ಹ್ಯಾಂಡಲ್ ಮೇಲೆ ಬೆರಳಿಟ್ಟರೆ ಸಾಕು. ಇಷ್ಟು ಚಂದ ಅದು ಎಂದೂ ಓಡಿರಲಿಲ್ಲ. ಅವನು ಕಲಿತದ್ದೆಲ್ಲ, ಅವಳ ಉಡಿಯಿಂದ ಒಂದೊಂದೇ ತೆಗೆದು ಬಿಗಿದದ್ದೆಲ್ಲ ಅಂದು ಒಟ್ಟಿಗೆ ಕೂಡಿಬಂದಂತಿತ್ತು.

ಜಾಲಿಗಿಡ ಬಂತು. ಅಲ್ಲಿಯ ತನಕ ತಡೆದುಕೊಂಡಿದ್ದ. ಗಾಡಿ ಹೀಗೆ ನೆಟ್ಟಗೆ ಓಡುತ್ತಿದೆ ಅಂದರೆ ಹಿಂದೆ ಯಾರೂ ಇಲ್ಲ ಅಂತ ಅರ್ಥ. ಅಷ್ಟೇ ಅದರ ಅರ್ಥ. ಗಾಡಿ ಬದಿಗೆ ಹಾಕಿ, ಅವಳು ಒರಗಿದ್ದ ಬೊಡ್ಡೆಗೆ ಹಣೆ ಹಚ್ಚಿ, ಹೆಣ ಎತ್ತುವಾಗಲೂ ಅಳದ ಮನುಷ್ಯ ಬಾಯಿ ಬಿಟ್ಟು ಅತ್ತ. ಕುರಿ ಕಾಯುವವನೊಬ್ಬ ದೂರದಿಂದ ನೋಡಿ, ಹತ್ತಿರ ಬರಲು ಧೈರ್ಯವಾಗದೆ ಕುರಿ ತಿರುಗಿಸಿಕೊಂಡು ಹೋದ.

ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಬಂದು ಗಾಡಿ ಹತ್ತಿದ. ಸೀಟಿನ ಬಲಕ್ಕೆ, ಆ ತಗ್ಗಿಗೇ ಸರಿದು ಕೂತ. ಗಾಡಿ ಬಲಕ್ಕೆ ಎಳೆಯಿತು. ಎಳೆಯಲಿ. ಎರಡೂ ಕೈಯಿಂದ ಹ್ಯಾಂಡಲ್ ಬಿಗಿ ಹಿಡಿದು, ಕೊಪ್ಪಳ ದಾಟಿ, ಗಂಗಾವತಿಯ ದಾರಿಯುದ್ದಕ್ಕೂ ಆ ಎಳೆತವನ್ನು ತಡೆಯುತ್ತ ಹೋದ. ಹೇಮಗುಡ್ಡ ಮುಟ್ಟುವಷ್ಟರಲ್ಲಿ ರಟ್ಟೆ ಬಿದ್ದುಹೋಗಿದ್ದವು.

ಗುಡಿಯಲ್ಲಿ ಪೂಜಾರಿ ಗಂಟು ಬಿಚ್ಚಿ ಸೀರೆ ನೋಡಿದರು, ಅವನ ಹಿಂದೆ ಮುಂದೆ ನೋಡಿದರು.

"ಉಡಿ ತುಂಬಾಕ ಹೆಣ್ಣುಮಕ್ಕಳು ಯಾರೂ ಬಂದಿಲ್ಲೇನ್ರಿ?"

"ಬಂದಾಳ್ರಿ," ಅಂದ ಉಮಾಪತಿ. "ಗಾಡಿ ಮ್ಯಾಲ ನನ್ನ ಹಿಂದ ಕುಂತ ಬಂದಾಳ."

ಪೂಜಾರಿ ಬಾಗಿಲಾಚೆ ನೋಡಿದರು. ಕೆಂಪು ಗಾಡಿಯೊಂದು ಸ್ಟ್ಯಾಂಡ್ ಹಾಕಿ ನಿಂತಿತ್ತು. ಅವನ ಮುಖ ನೋಡಿದರು. ಸೀರೆಯನ್ನು ತಟ್ಟೆಗಿಟ್ಟು, "ಅವರ ಹೆಸರ ಹೇಳ್ರಿ," ಅಂದರು.